ಸುಮ್ಮನೆ ಕೂರದ ಗುಂಪು

ನನ್ನ ಪಿಎಚ್‌ಡಿಗೆ ಗೈಡ್ ಆಗಿದ್ದ ಮೇಡಂ ಧಾರವಾಡದವರು. ಕೋಲ್ಕತ್ತದಲ್ಲಿ ಎಷ್ಟೋ ವರ್ಷ ಮನಶ್ಶಾಸ್ತ್ರ ಕಲಿಸಿದರೂ ಊರಿನ ಮಾತು ಬಿಟ್ಟಿರಲಿಲ್ಲ. ಯೋಚಿಸುವಾಗ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದರು. ಒರೆಸುವುದು ನಿಂತರೆ ತೀರ್ಮಾನವಾಯಿತೆಂದು ಅರ್ಥ. ಆಮೇಲೆ ಅದೇ ಮಾತು: "ಆದದ್ದನ್ನ ಆದಂಗ ಹೇಳೂಣು, ತಂಗಿ."

ಕೋಲ್ಕತ್ತದ ಸಾಲ್ಟ್ ಲೇಕ್ ಬಡಾವಣೆಯಲ್ಲಿ ಸಾಫ್ಟ್‌ವೇರ್ ಕಚೇರಿಗಳು ಒಂದರ ಮೇಲೊಂದು ಏಳುತ್ತಿದ್ದ ಕಾಲ. ಅಲ್ಲಿ ದುಡಿಯುವವರ ದಣಿವನ್ನು ಬೇಗ ಕಳೆಯುವುದು ಮೌನವೋ ಹರಟೆಯೋ ಎಂಬುದು ನಮ್ಮ ಪ್ರಶ್ನೆ. ಹರಟೆಯ ಗುಂಪಿನಿಂದ ತೊಂದರೆಯಾಗಲಿಲ್ಲ. ಆದರೆ ಮೌನದ ಗುಂಪನ್ನು ಮಾತಾಡಬೇಡಿ ಎಂದು ಹೇಳಿ ಕೋಣೆಯಲ್ಲಿ ಕೂರಿಸಿ ನಾವು ಬಾಗಿಲು ಮುಚ್ಚುವಷ್ಟರಲ್ಲಿ ಒಳಗೆ ಇಲಿಶ್ ಮೀನಿನ ಚರ್ಚೆ ಶುರುವಾಗಿರುತ್ತಿತ್ತು. ಪ್ರತಿ ಸಲವೂ ಹೀಗೇ.

"ಸೆಮಿನಾರಲ್ಲಿ ಇದನ್ನ ಹೇಳಿದ್ರೆ ನಗ್ತಾರೆ ಮೇಡಂ," ಎಂದೆ.

ಕನ್ನಡಕ ಒರೆಸುವುದು ನಿಂತಿತು.

ಮೌನದ ಗುಂಪು ನಮಗೆ ಸಿಗಲೇ ಇಲ್ಲವೆಂದು ಮೇಡಂ ಸೆಮಿನಾರಿನಲ್ಲಿ ಹೇಳಿಯೇಬಿಟ್ಟರು. ಅಧ್ಯಕ್ಷರಾಗಿದ್ದ ಬಂಗಾಳಿ ಪ್ರೊಫೆಸರ್, ನೀವು ಸೂಚನೆಯನ್ನೇ ಸರಿಯಾಗಿ ಕೊಟ್ಟಿಲ್ಲ ಎಂದು ಗದರಿದರು. ಹಾಗಾದರೆ ತಾವೇ ಕೊಟ್ಟು ನೋಡಿ ಎಂದು ಮೇಡಂ ಮೈಕನ್ನು ಅವರ ಕೈಗಿತ್ತು, ಬಂದು ನನ್ನ ಪಕ್ಕ ಕೂತರು.

ಐದು ನಿಮಿಷ ಯಾರೂ ಮಾತಾಡಕೂಡದೆಂದು ಪ್ರೊಫೆಸರ್ ಹೇಳಿದರು. ಸಭೆ ನಿಶ್ಶಬ್ದವಾಯಿತು. ನಮ್ಮ ಪ್ರಬಂಧ ಮುಳುಗಿತೆಂದುಕೊಂಡೆ. ಅಷ್ಟರಲ್ಲಿ ವೇದಿಕೆಗೆ ಚಹಾ ಬಂತು, ಜೊತೆಗೆ ಸಂದೇಶ್ ಮಿಠಾಯಿ. ಪ್ರೊಫೆಸರ್ ಒಂದು ಚೂರು ಬಾಯಿಗೆ ಹಾಕಿಕೊಂಡು ಪಕ್ಕದವರತ್ತ ಬಾಗಿ, ಇದು ಯಾವ ಅಂಗಡಿಯದೆಂದು ಮೆಲ್ಲಗೆ ಕೇಳಿದರು.

ಮೈಕ್ ಇನ್ನೂ ಅವರ ಕೈಯಲ್ಲೇ ಇತ್ತು.

"ಬರಕೋ ತಂಗಿ," ಅಂದರು ಮೇಡಂ. "ಆದದ್ದನ್ನ ಆದಂಗ."