ಅಕ್ಕನ ಇನ್ಸುಲಿನ್ ಬಿಡಿಸಿದ ಪುಡಿ

ಅಕ್ಕನಿಗೆ ವಾಂತಿ ಶುರುವಾದಾಗ ಗಜೇಂದ್ರಗಡದ ಅವಳ ಮನೆಯವರು ಮಲೇರಿಯಾ ಅಂದುಕೊಂಡರು. ಸುದ್ದಿ ತಿಳಿದು ಧಾರವಾಡದಿಂದ ಓಡಿಬಂದೆ. ಮಗ್ಗದ ಪಕ್ಕ ಚಾಪೆಯ ಮೇಲೆ ಮುದುಡಿ ಮಲಗಿದ್ದಳು. ಏದುಸಿರು. ಬಾಯಿಂದ ಕೊಳೆತ ಹಣ್ಣಿನ ವಾಸನೆ.

ಆ ವಾಸನೆ ನನಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಅವಳಿಗೆ ಶುಗರ್ ಕಾಣಿಸಿಕೊಂಡಾಗಲೂ ಹೀಗೇ ಇತ್ತು.

"ಅಕ್ಕಾ, ಇನ್ಸುಲಿನ್ ತಗೊಂಡಿಯೇನ?"

ಉತ್ತರ ಕೊಟ್ಟವರು ಅವಳ ಗಂಡ, ಬಸಣ್ಣ ಮಾಮಾ. "ಸೂಜಿ ಬಿಡಿಸೇವಿ. ಬಸ್ ಸ್ಟ್ಯಾಂಡ್ ಹತ್ರ ಒಬ್ಬಾಂವ ಮಧುನಾಶಿನಿ ಪುಡಿ ಕೊಡ್ತಾನ. ಶುಗರ್‌ಗೂ ಅದ, ಮಲೇರಿಯಾಕ್ಕೂ ಅದ. ನೀ ಟೆಸ್ಟ್ ಮಾಡ್ತೀಯಲ್ಲವಾ, ಅದ ಗಿಡ."

ವಾಂತಿಯಾಗುತ್ತಿದ್ದರೂ ಅದನ್ನೇ ಎರಡು ಪಟ್ಟು ಕುಡಿಸಿದ್ದರು!

ಹೌದು, ಯೂನಿವರ್ಸಿಟಿಯ ಲ್ಯಾಬಿನಲ್ಲಿ ನನ್ನ ಕೆಲಸವೇ ಅದು. ಪಿಷ್ಟವನ್ನು ಸಕ್ಕರೆ ಮಾಡುವ ಎಂಜೈಮಿಗೆ ಆ ಎಲೆಯ ಸಾರ ಬೆರೆಸಿ, ಸಕ್ಕರೆಯಾಗುವುದು ತಗ್ಗುತ್ತದೆಯೇ ಎಂದು ಟೆಸ್ಟ್ ಟ್ಯೂಬಿನಲ್ಲಿ ನೋಡುತ್ತೇನೆ. ಗೆಳತಿಯೊಬ್ಬಳು ಅದೇ ಸಾರವನ್ನು ಮಲೇರಿಯಾ ರೋಗಾಣುವಿನ ಮೇಲೆ ಹಾಕಿ ನೋಡುತ್ತಾಳೆ. ಕೆಲವೊಮ್ಮೆ ಗುಣ ಕಾಣುತ್ತದೆ. ಆದರೆ ಟ್ಯೂಬಿಗೆ ಹೊಟ್ಟೆಯಿಲ್ಲ, ಲಿವರ್ ಇಲ್ಲ, ಅದನ್ನು ಕಾಯುತ್ತ ಕೂತ ಮಕ್ಕಳಿಲ್ಲ. ಇನ್ಸುಲಿನ್ ಹುಟ್ಟದ ಮೈಗೆ ಇನ್ಸುಲಿನ್ನೇ ಬೇಕು.

ರೋಣದ ದವಾಖಾನೆಯಲ್ಲಿ ಮಲೇರಿಯಾ ಟೆಸ್ಟ್ ನೆಗೆಟಿವ್ ಬಂತು. "ಕೀಟೋ ಆಸಿಡೋಸಿಸ್ ಆಗೇತ್ರಿ. ಇನ್ಸುಲಿನ್ ಇಲ್ಲದ ರಕ್ತದಾಗ ಆಸಿಡ್ ಏರೇತಿ. ಐಸಿಯು ಬೇಕು. ಲಗೂ ಗದಗಕ್ಕ ಕರಕೊಂಡು ಹೋಗ್ರಿ" ಎಂದರು ಡಾಕ್ಟರು.

ಆಂಬುಲೆನ್ಸಿನಲ್ಲಿ ಅಕ್ಕ ನನ್ನನ್ನು "ಅವ್ವಾ" ಎಂದು ಕರೆದಳು.

ಅವ್ವ ತೀರಿಹೋಗಿ ವರ್ಷಗಳಾಗಿವೆ.

ಐಸಿಯುನಲ್ಲಿ ಅವಳು ಕಣ್ಣು ಬಿಟ್ಟು ನನ್ನ ಗುರುತು ಹಿಡಿದ ಮೇಲೆ, ಮಾಮಾನನ್ನು ಕರೆದುಕೊಂಡು ನೇರ ಗಜೇಂದ್ರಗಡ ಬಸ್ ಸ್ಟ್ಯಾಂಡಿನ ಆ ಪುಡಿ ಅಂಗಡಿಗೆ ಹೋದೆ.

"ಯೂನಿವರ್ಸಿಟಿಯೊಳಗ ಸಿದ್ಧ ಆಗೇತ್ರಿ ಇದು" ಎಂದ ಅಂಗಡಿಯವ.

"ಆ ಟೆಸ್ಟ್ ಮಾಡಾಕಿ ನಾನ ಅದೀನ್ರಿ. ಏನ್ ಸಿದ್ಧ ಆಗೇತಿ ಹೇಳ್ರಿ!"

ಅವನು ತಡವರಿಸಿದ. "ಸೂಜಿ ಬಿಡ್ರಿ ಅಂತ ನಾ ಅಂದಿಲ್ರಿ."

"ನನ್ನ ಮುಂದನ ಅಂದೀರಿ!" ಮಾಮಾ ಮುಂದೆ ಬಂದರು. "ಹೆಂಡ್ತಿ ಸಾಯಾಕ ಹತ್ತಿದ್ಲು."

ಅಂಗಡಿಯವ ಇನ್ನೊಬ್ಬ ಗಿರಾಕಿಯತ್ತ ತಿರುಗಿದ. ಆ ಗಿರಾಕಿಯ ಕೈಯಲ್ಲೂ ಅದೇ ಪುಡಿ. ಪೊಲೀಸರಿಗೆ ದೂರು ಕೊಟ್ಟಿದ್ದೇವೆ. ಅಂಗಡಿ ಇನ್ನೂ ತೆರೆದೇ ಇದೆ. ಒಂದು ಎಲೆ ಔಷಧಿಯಾಗಲು ವರ್ಷಗಟ್ಟಲೆ ದಾರಿ ಇರುತ್ತದೆ. ಅದನ್ನೆಲ್ಲ ಹಾರಿ ನೇರ ನಮ್ಮ ಮನೆಯವರ ಬಾಯಿಗೆ ಹಾಕುವ ಧೈರ್ಯ ಇವರಿಗೆ ಕೊಟ್ಟವರಾರು?

ಅಕ್ಕ ಈಗ ಮಗ್ಗಕ್ಕೆ ಕೂರುತ್ತಾಳೆ. ಬೇಗ ದಣಿಯುತ್ತಾಳೆ. ಇನ್ಸುಲಿನ್ ಕೊಡಲು ಮಾಮಾ ತಾವೇ ಕಲಿತಿದ್ದಾರೆ. ಲ್ಯಾಬಿನ ಈ ಕೆಲಸವೇ ಬೇಡ ಅನ್ನಿಸಿದೆ ಎಂದು ಮೊನ್ನೆ ಅವಳ ಮುಂದೆ ಅಂದೆ. ಅಕ್ಕ ಮಗ್ಗ ನಿಲ್ಲಿಸಿದಳು.

"ಗಿಡದ ಮ್ಯಾಲ ಯಾಕ ಸಿಟ್ಟು? ನೀ ಟೆಸ್ಟ್ ಮಾಡ. ಖರೇನ ಔಷಧ ಆದ್ರ ಮೊದಲ ನನಗ ಹೇಳು. ಅಲ್ಲೀತನಕ ಸೂಜಿ ಬಿಡಂಗಿಲ್ಲ."