ಮಿಕ್ಕ ನಾಲ್ಕು ಬಾಗಿಲು

ಲೋಕೇಶನ ತಲೆಯ ಮೇಲೆ ಬಿದ್ದ ತಪ್ಪು ನನ್ನದು. ಬಿರುಕು ಬಿಟ್ಟ ಉಕ್ಕನ್ನು ವೆಲ್ಡಿಂಗ್ ಮಾಡಿ ಮುಚ್ಚು ಎಂದವನು ನಾನು. ವಿಚಾರಣೆಯ ದಿನ, ‘ನಾನು ಹಾಗೆ ಹೇಳಿರಲಿಲ್ಲ’ ಎಂದವನೂ ನಾನೇ. ಹನ್ನೊಂದು ವರ್ಷ ಇದನ್ನು ಯಾರ ಮುಂದೆಯೂ ಆಡಲಿಲ್ಲ — ಹೆಂಡತಿಯ ಮುಂದೆ ಕೂಡ. ಈಗ ಬರೆಯುತ್ತಿದ್ದೇನೆ.

ನಾನು ಕಣಕಟ್ಟೆಯವನು. ಸೇನೆಯಲ್ಲಿ ಎಂಜಿನಿಯರ್ ಆಗಿ ಇಪ್ಪತ್ನಾಲ್ಕು ವರ್ಷ ಟ್ಯಾಂಕುಗಳ ದುರಸ್ತಿ ನೋಡಿಕೊಂಡೆ. ನಿವೃತ್ತನಾಗಿ ಅರಸೀಕೆರೆಯಲ್ಲಿ ಮನೆ ಮಾಡಿದ ಮೇಲೆ ಕೈ ಸುಮ್ಮನಿರಲಿಲ್ಲ. ಬೆಂಗಳೂರಿನಾಚೆಯ ಒಂದು ಖಾಸಗಿ ಕಾರ್ಖಾನೆಯವರು ಕರೆದರು. ಸೈನಿಕರನ್ನು ಕರೆದೊಯ್ಯುವ, ಗುಂಡು ತಡೆಯುವ ಉಕ್ಕಿನ ವಾಹನಗಳನ್ನು ಅಲ್ಲಿ ಮಾಡುತ್ತಿದ್ದರು. ನನ್ನ ಕೆಲಸ ತಪಾಸಣೆ. ನಾನು ಸಹಿ ಹಾಕದೆ ಒಂದು ಗಾಡಿಯೂ ಗೇಟು ದಾಟುವಂತಿರಲಿಲ್ಲ. ಅಂಥ ಗಾಡಿಯ ಒಳಗೆ ಎಷ್ಟೋ ಸಲ ಕೂತವನು ನಾನು. ಹೊರಗೆ ಒಂದು ಕಲ್ಲು ಬಡಿದರೂ ಒಳಗಿದ್ದವನ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ಗೊತ್ತಿತ್ತು. ಗೊತ್ತಿದ್ದೂ —

ಲೋಕೇಶ ಗೆಂಡೆಹಳ್ಳಿಯವನು. ನಮ್ಮ ತೆಂಗಿನ ತೋಟಕ್ಕೆ ಗೇಟು ಮಾಡಿಸಲು ಬೇಲೂರಿನ ವೆಲ್ಡಿಂಗ್ ಅಂಗಡಿಗೆ ಹೋದಾಗ ಅವನ ಕೆಲಸ ಕಣ್ಣಿಗೆ ಬಿತ್ತು. ಅವನು ಬೆಸೆದ ಜಾಗದಲ್ಲಿ ಬೆರಳಾಡಿಸಿದರೆ ಎರಡು ಕಬ್ಬಿಣ ಎಲ್ಲಿ ಕೂಡಿವೆ ಎಂದೇ ತಿಳಿಯುತ್ತಿರಲಿಲ್ಲ. ನಾನೇ ಅವನನ್ನು ಕಾರ್ಖಾನೆಗೆ ಕರೆದುಕೊಂಡು ಹೋದೆ. ಎರಡೇ ವರ್ಷದಲ್ಲಿ ಕಷ್ಟದ ಕೆಲಸವೆಲ್ಲ ಅವನ ಕೈಗೇ ಬರತೊಡಗಿತು.

ಆ ಸಲ ಐದು ಗಾಡಿಗಳನ್ನು ಒಟ್ಟಿಗೆ ಕಳಿಸಬೇಕಿತ್ತು. ಕೊನೆಯ ವಾರದಲ್ಲಿ ನೋಡುತ್ತೇವೆ — ಐದಕ್ಕೂ ಚಾಲಕನ ಕಡೆಯ ಬಾಗಿಲಲ್ಲಿ, ಉಕ್ಕು ಬಾಗಿದ ಮಡಿಕೆಯಲ್ಲಿ, ಕೂದಲೆಳೆಯಂಥ ಬಿರುಕು. ಬಿರುಕು ಬಿಟ್ಟ ಪ್ಲೇಟನ್ನು ಎಸೆದು ಹೊಸದು ಹಾಕಬೇಕು, ನಿಯಮ ಅದೇ. ಹೊಸ ಪ್ಲೇಟು ಬರಲು ಒಂದು ತಿಂಗಳು. ನಾನಿದ್ದಲ್ಲಿ ಕೆಲಸ ತಡವಾಗುವುದಿಲ್ಲ ಎಂಬ ಹೆಸರಿತ್ತು ನನಗೆ. ಆ ಹೆಸರಿನ ಮೇಲೆ ಆಸೆಯಿತ್ತು.

ಲೋಕೇಶ ಹೇಳಿದ: “ಸಾರ್, ಬ್ಯಾಡ. ಇದು ಹದ ಕೊಟ್ಟಿರೋ ಉಕ್ಕು. ಮತ್ತೆ ಕಾಯ್ಸಿದ್ರೆ ಮೆತ್ತಗಾಯ್ತದೆ, ಗುಂಡು ತಡೆಯಲ್ಲ.”

ಅವನು ಹೇಳಿದ್ದು ನನಗೆ ತಿಳಿಯದ ವಿಷಯವಲ್ಲ. “ಬೆಸೆದು, ಉಜ್ಜಿ, ಬಣ್ಣ ಹೊಡಿ ಕಣೋ. ಸಹಿ ಹಾಕೋನು ನಾನು” ಎಂದೆ.

ಐದೂ ಬಾಗಿಲನ್ನು ಬೆಸೆದ. ನಾಲ್ಕು ಗಾಡಿಗಳು ಹೊರಟುಹೋದವು. ಐದನೆಯದನ್ನು ಕೊಳ್ಳುವವರು ಪರೀಕ್ಷೆಗೆಂದು ಆರಿಸಿಕೊಂಡು, ಒಳಗೆ ಮರದ ಬೊಂಬೆ ಕೂರಿಸಿ ಗುಂಡು ಹಾರಿಸಿದರು. ಬಾಗಿಲ ಮಡಿಕೆಗೆ ಬಿದ್ದ ಗುಂಡು ಒಳಗೆ ತೂರಿ ಬೊಂಬೆಯ ಪಕ್ಕೆ ಸೀಳಿತ್ತು.

ಮಾರನೆಯ ದಿನವೇ ವಿಚಾರಣೆ. ಬಣ್ಣ ಕೆರೆದು ನೋಡಿದರೆ ವೆಲ್ಡಿಂಗ್ ಗುರುತು. “ಇದನ್ನು ಮಾಡಲು ಯಾರು ಹೇಳಿದ್ದು?” ಎಂದು ಕೇಳಿದರು. ಲೋಕೇಶ ನನ್ನ ಕಡೆ ನೋಡಿದ. ಅವನು ನೋಡಿದ್ದು ದೂರುವುದಕ್ಕಲ್ಲ — ನಾನು ಹೇಳುತ್ತೇನೆಂದು ಕಾಯುತ್ತಿದ್ದ. ನಾನು ಹೇಳಿದೆ: “ನನ್ನ ಗಮನಕ್ಕೆ ತಂದಿಲ್ಲ. ಅವನೇ ಮುಚ್ಚಿಟ್ಟಿರಬೇಕು.”

ಅವನ ಬಾಯಿ ಏಳಲಿಲ್ಲ. ಕೆಲಸ ಕೊಡಿಸಿದವನ ಎದುರು ಹೇಗೆ ತಾನೇ ಎದ್ದೀತು? ಅದೂ ನನಗೆ ಗೊತ್ತಿತ್ತು. ಗೊತ್ತಿದ್ದೇ ಹಾಗೆ ಹೇಳಿದೆ.

ಕೆಲಸ ಕಳೆದುಕೊಂಡು ಹೊರಟವನು ಗೇಟಿನ ಹತ್ತಿರ ನನಗಾಗಿ ನಿಂತಿದ್ದ. ಜಗಳ ತೆಗೆಯುತ್ತಾನೆ ಅಂದುಕೊಂಡೆ. ಅವನು ಅಂದದ್ದು ಇಷ್ಟು: “ನನ್ನ ಹೆಸ್ರು ಹೋದ್ರೆ ಹೋಗ್ಲಿ ಸಾರ್. ಮಿಕ್ಕ ನಾಲ್ಕು ಬಾಗ್ಲು ವಿಷ್ಯ ಹೇಳ್ಬುಡಿ. ಅದ್ರೊಳಗೆ ಜನ ಕುಂತ್ಕತಾರೆ.”

“ನೋಡ್ಕೋತೀನಿ” ಎಂದೆ.

ನೋಡಿಕೊಳ್ಳಲಿಲ್ಲ. ಒಂದು ಬಾಗಿಲಾದರೆ ಅದು ಕೆಲಸಗಾರನ ಕಳ್ಳತನ. ಐದೂ ಬಾಗಿಲು ಎಂದರೆ ಹೇಳಿದವನು ಯಾರು ಎಂಬ ಪ್ರಶ್ನೆ ಏಳುತ್ತದೆ. ಹಾಗಾಗಿ ಬಾಯಿ ಬಿಡಲಿಲ್ಲ; ಮಿಕ್ಕ ನಾಲ್ಕಕ್ಕೆ ನನ್ನ ಸಹಿಯನ್ನೇ ನಂಬಿ ಅವರೂ ಕೆರೆದು ನೋಡಲಿಲ್ಲ. ಇನ್ನೂ ಆರು ವರ್ಷ ಅಲ್ಲೇ ದುಡಿದು, ಶಾಲು ಹೊದಿಸಿಕೊಂಡು ಮನೆಗೆ ಬಂದೆ. ಗಡಿಯಲ್ಲಿ ಗುಂಡಿನ ದಾಳಿ ಎಂಬ ಸುದ್ದಿ ಪೇಪರಿನಲ್ಲಿ ಬಂದಾಗಲೆಲ್ಲ ಮೊದಲು ಫೋಟೋ ಹುಡುಕುತ್ತಿದ್ದೆ — ಗಾಡಿ ಯಾವುದು, ಚಾಲಕನ ಕಡೆಯ ಬಾಗಿಲು ಹೇಗಿದೆ...

ಈ ವರ್ಷ ನಂಟರ ಮನೆಯ ನಿಶ್ಚಿತಾರ್ಥಕ್ಕೆಂದು ಬೇಲೂರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿಗೆ ನಡೆದು ಬರುತ್ತಿದ್ದಾಗ ರಸ್ತೆ ಬದಿಯ ಒಂದು ಶೆಡ್ಡಿನಿಂದ “ಸಾರ್!” ಎಂಬ ಕೂಗು. ಲೋಕೇಶ. ಕಿಟಕಿಗೆ ಗ್ರಿಲ್ ಮಾಡುತ್ತಿದ್ದ; ಕೂದಲು ಅರ್ಧ ನರೆತಿತ್ತು. ಸ್ಟೂಲು ಒರೆಸಿ ಕೂರಿಸಿದ. ತನ್ನ ಕಷ್ಟದ ಮಾತೇ ತೆಗೆಯಲಿಲ್ಲ. ಮೊದಲು ಕೇಳಿದ್ದು:

“ಸಾರ್, ಆ ನಾಲ್ಕು ಬಾಗ್ಲು ಬದಲಾಯ್ಸುದ್ರಾ?”

“ಆ ವಾರವೇ ಬದಲಾಯ್ಸಿದ್ವಿ” ಎಂದೆ. ನಾಲಿಗೆ ತಡವರಿಸಲೂ ಇಲ್ಲ.

“ಸದ್ಯ. ಅದೊಂದು ಎದೇಲಿ ಕುಂತಿತ್ತು” ಎಂದು ನಕ್ಕು, ಟೀ ತರಿಸಿದ. ಕುಡಿದೆ. ಜಾವಗಲ್ ದಾಟುವವರೆಗೂ ಬಸ್ಸಿನಲ್ಲಿ ತಲೆ ಎತ್ತಲಾಗಲಿಲ್ಲ. ಮೊದಲ ಸುಳ್ಳನ್ನು ಭಯದಿಂದ ಹೇಳಿದೆ ಅನ್ನಬಹುದು. ಇದನ್ನು ಏನೆನ್ನಲಿ?

ಮನೆ ತಲುಪಿ ಹೆಂಡತಿಯನ್ನು ಕೂರಿಸಿ ಎಲ್ಲ ಹೇಳಿದೆ. ಮರುದಿನ ಬೆಳಿಗ್ಗೆ ಕಾರ್ಖಾನೆಗೂ, ಗಾಡಿ ಕೊಂಡವರಿಗೂ ಪತ್ರ ಬರೆದೆ — ನಡೆದದ್ದು ನಡೆದಂತೆ, ನನ್ನ ಹೆಸರು ಹಾಕಿ. ಉತ್ತರ ಬಂತು: ಮೂರು ಗಾಡಿಗಳು ಈಗಾಗಲೇ ಗುಜರಿ ಸೇರಿದ್ದವು. ನಾಲ್ಕನೆಯದು ಅಂದಿಗೂ ಓಡುತ್ತಿತ್ತು. ಪತ್ರ ಕಂಡ ಮೇಲೆ ನಿಲ್ಲಿಸಿದರಂತೆ. ಯಾರಿಗೂ ಏನೂ ಆಗಿರಲಿಲ್ಲ. ಅದು ಒಳಗೆ ಕೂತವರ ಪುಣ್ಯ, ನನ್ನದೇನೂ ಇಲ್ಲ. ನನ್ನ ಮೇಲೆ ಏನು ಕ್ರಮ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಏನಾದರೂ ಆಗಲಿ.

ಆ ಉತ್ತರ ಹಿಡಿದು ಲೋಕೇಶನ ಶೆಡ್ಡಿಗೆ ಹೋದೆ. ಓದಿದ. ಎರಡನೆಯ ಸಲವೂ ಓದಿದ. “ನಾಲ್ಕನೇದು ಹೋದ ತಿಂಗ್ಳ ತಂಕ ಓಡ್ತಿತ್ತಾ?” ಎಂದ. ತಲೆಯಾಡಿಸಿದೆ. ಕಾಗದ ಮಡಿಸಿ ನನ್ನ ಕೈಗಿಟ್ಟ. ಆಮೇಲೆ, “ನಂಗೆ ಕ್ಷಮೆ ಗಿಮೆ ಏನೂ ಬ್ಯಾಡಿ. ನಮ್ಮನೆಗೆ ಬಂದು ಇದುನ್ನೇ ಹೇಳಿ” ಎಂದ.

ಗೆಂಡೆಹಳ್ಳಿಯ ಅವನ ಮನೆಯಲ್ಲಿ, ನಡುಮನೆಯ ಚಾಪೆಯ ಮೇಲೆ ಕೂತು, ಅವನ ಹೆಂಡತಿ ಯಶೋದಮ್ಮನವರ ಎದುರು ಎಲ್ಲ ಹೇಳಿದೆ. ಅವರು ಬೈಯಲಿ ಎಂದು ಕಾದೆ. ಅವರು ನನ್ನ ಕಡೆ ತಿರುಗಲೂ ಇಲ್ಲ. ಗಂಡನನ್ನೇ ನೋಡುತ್ತಿದ್ದರು.

“ನೀವು ಹೇಳುದ್ರಿ. ಕೆಲ್ಸ ಹೋಗಿ ಮನೆಗ್ ಬಂದ ದಿನ್ವೇ ಹೇಳುದ್ರಿ, ತಪ್ಪು ನಂದಲ್ಲ ಅಂತ. ನಾನು ನಂಬ್ನಿಲ್ವಲ್ರೀ...” ಎಂದು ಸೆರಗು ಬಾಯಿಗೆ ಒತ್ತಿಕೊಂಡರು.

ಲೋಕೇಶ ಹೋಗಿ ಅವರ ಪಕ್ಕದಲ್ಲಿ ಕೂತ. ಅಲ್ಲಿ ನನಗಿನ್ನು ಜಾಗವಿರಲಿಲ್ಲ. ಎದ್ದು, ಚಪ್ಪಲಿ ಮೆಟ್ಟಿ, ಹೊರಗೆ ಬಂದೆ.