ಅವಸರಪ್ಪನ ಊಟದ ಟೈಲು

ನಮ್ಮ ಮಾವ ನಲವತ್ತು ವರ್ಷ ಕಂಡವರ ಮನೆಗಳಿಗೆ ಟೈಲ್ಸ್ ಹಾಕಿದವರು. ಹಾಕಿದ ನೆಲವನ್ನು ಬೆರಳ ಗೆಣ್ಣಿನಿಂದ ತಟ್ಟಿ, ಎಲ್ಲಿ ಟೊಳ್ಳಿದೆ ಎಂದು ಸದ್ದಿನಲ್ಲೇ ಹೇಳುತ್ತಿದ್ದರು. ಈಗ ಎರಡು ಮೆಟ್ಟಿಲು ಹತ್ತಿದರೆ ಮೂರನೆಯದಕ್ಕೆ ಉಸಿರಿಲ್ಲ. ಕೇಳಿದರೆ, "ಬೀಡಿ ಸೇದಿದ್ದಕ್ಕೆ ಶಿಕ್ಷೆ ಕಣಮ್ಮಾ," ಎನ್ನುತ್ತಿದ್ದರು. ನಾನೂ ನಂಬಿದ್ದೆ. ನಂಬಿ ಬೈದೂ ಇದ್ದೆ, ನನ್ನ ಬಾಯಿ ಸ್ವಲ್ಪ ಜೋರು.

ಕೆಲಸ ಬಿಟ್ಟ ವರ್ಷ ಅವರು ಒಂದು ಆಮೆಯನ್ನು ಮನೆಗೆ ತಂದರು. ಊರು ಬಿಡುತ್ತಿದ್ದ ಯಾರೋ ಕೊಟ್ಟಿದ್ದು. ಆಮೆಗೆ ಅವಸರಪ್ಪ ಎಂದು ಹೆಸರಿಟ್ಟು, ನಡುಮನೆಯ ಮೂಲೆಯಲ್ಲಿ ಹಲಗೆ ಹೊಡೆದು ಗೂಡು ಮಾಡಿ, ಮೇಲೊಂದು ಬಲ್ಬು ನೇತುಹಾಕಿದರು. ಕೆಳಗೆ ನಾಲ್ಕು ಬೆರಳು ಮರಳು. ಅಂಥಿಂಥ ಮರಳಲ್ಲ, ಮೂರು ಸಲ ಜರಡಿ ಹಿಡಿದು, ರಸಮಟ್ಟ ಇಟ್ಟು ಸಮ ಮಾಡಿದ್ದು. ನನ್ನ ಗಂಡ ನಕ್ಕರು: "ಅಪ್ಪಾ, ಆಮೆ ಏನು ಎಡವಿ ಬೀಳುತ್ತಾ?" ಇವರದೂ ಟೈಲ್ಸ್ ಹಾಕುವ ಕಸುಬೇ, ಅಪ್ಪನೇ ಕಲಿಸಿದ್ದು.

ಮಾವ ದಿನವೂ ಸೊಪ್ಪನ್ನು ಎರಡು ನೀರಿನಲ್ಲಿ ತೊಳೆದು, ಹಸಿಹಸಿಯಾಗಿಯೇ ಮರಳಿನ ಮೇಲೆ ಹರಡುತ್ತಿದ್ದರು. ತೊಳೆದ ಮೇಲೆ ಶುದ್ಧ ಎನ್ನುವುದು ಅವರ ನಂಬಿಕೆ. ಒದ್ದೆ ಎಲೆಗೆ ಮರಳು ಮೆತ್ತಿಕೊಳ್ಳುವುದು ನನ್ನ ಕಣ್ಣಿಗೂ ಬೀಳಲಿಲ್ಲ.

ಒಂದು ವಾರ ಅವಸರಪ್ಪ ಊಟ ಮುಟ್ಟಲಿಲ್ಲ. ಕತ್ತು ಹೊರಗೆ ಹಾಕುವುದನ್ನೂ ನಿಲ್ಲಿಸಿದ. ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ನಾನೂ ಮಾವನೂ ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಹೋದೆವು. ಅವರು ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದರು. ಹೊಟ್ಟೆಯಲ್ಲಿ ಬೆಳ್ಳಗೆ ಒಂದು ಗಡ್ಡೆ.

"ಸೊಪ್ಪು ತೊಳೀತೀರಾ?"

"ಎರಡು ಸಲ," ಎಂದರು ಮಾವ, ಹೆಮ್ಮೆಯಿಂದ.

"ತೊಳೆದು ಮರಳಿನ ಮೇಲೆ ಹಾಕ್ತೀರಾ?"

ಮಾವ ಹೂಂಗುಟ್ಟಿದರು.

"ಇದೆಲ್ಲ ಮರಳು. ತುತ್ತಿಗಿಷ್ಟಿಷ್ಟು ಒಳಗೆ ಹೋಗಿದೆ. ಹೊರಗೆ ಬಂದ್ರೆ ಬದುಕುತ್ತೆ."

ದಿನಾ ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಿ, ಮರಳು ತೆಗೆದು ಮಣ್ಣು ಹಾಕಿ, ಊಟವನ್ನು ಒಂದು ಟೈಲ್ ಮೇಲಿಡಿ, ಮಿಕ್ಕಿದ್ದನ್ನು ಕೊಳೆಯಲು ಬಿಡಬೇಡಿ ಎಂದರು. ಟೈಲ್ ಅಂತೆ! ನಮ್ಮ ಹಿತ್ತಿಲಲ್ಲಿ ಉಳಿದ ಟೈಲುಗಳ ರಾಶಿಯೇ ಇದೆ. ಊರಿಗೆಲ್ಲ ನೆಲ ಹಾಸಿದವರಿಗೆ ಒಂದು ತುಂಡು ಇದಕ್ಕೆ ಇಡಬೇಕೆಂದು ಹೊಳೆದಿರಲಿಲ್ಲ. ಹಂಗಿಸಬೇಕೆಂದು ಮಾವನ ಕಡೆ ತಿರುಗಿದೆ. ಅವರಿನ್ನೂ ಆ ಎಕ್ಸ್‌ರೇಯನ್ನೇ ನೋಡುತ್ತಿದ್ದರು.

ಮನೆಗೆ ಬಂದು ನಾನು ಮರಳು ತೋಡಿದೆ. "ಮೊದ್ಲು ನೀರು ಚಿಮುಕಿಸಮ್ಮಾ, ಧೂಳೇಳಬಾರದು," ಎಂದರು ಮಾವ. ಇದುವರೆಗೆ ಅವರ ಬಾಯಲ್ಲಿ ಕೇಳದ ಮಾತು. ಆಮೇಲೆ ಎರಡು ಟೈಲು ಆರಿಸಿ, ಅಂಚು ಉಜ್ಜಿ ನಯ ಮಾಡಿದರು. ಸೊಪ್ಪನ್ನು ಎಲೆಎಲೆಯಾಗಿ ಬಟ್ಟೆಯಲ್ಲಿ ಒರೆಸಿ ಇಡುವರು. ಸಂಜೆಯೊಳಗೆ ಮಿಕ್ಕಿದ್ದನ್ನು ತೆಗೆದು, ಟೈಲನ್ನು ಬಿಸಿನೀರಿನಲ್ಲಿ ತಿಕ್ಕಿ, ಬೆರಳಾಡಿಸಿ ನೋಡಿ, ಬಿಸಿಲಿಗಿಡುವರು. ಮರುದಿನಕ್ಕೆ ಇನ್ನೊಂದು. ಅವಸರಪ್ಪ ಮೂಸಿಯೂ ನೋಡುತ್ತಿರಲಿಲ್ಲ. ಮಾವ ಬಿಡುತ್ತಲೂ ಇರಲಿಲ್ಲ.

ಒಂಬತ್ತನೆಯ ದಿನ ಬೋಗುಣಿಯ ನೀರಿನಲ್ಲಿ ಕೂರಿಸಿದ್ದಾಗ ಅವನ ಹೊಟ್ಟೆಯ ಮರಳು ಹೊರಬಿತ್ತು. ನಾನು ಕೂಗಿದೆ. ಆಗಷ್ಟೇ ಕೆಲಸದಿಂದ ಬಂದ ನನ್ನ ಗಂಡ ಓಡಿಬಂದರು, ಹುಬ್ಬೆಲ್ಲ ಬಿಳಿ ಪುಡಿ. ಮಾವ ಬೋಗುಣಿಯ ತಳದ ಮರಳನ್ನು ಬೆರಳಲ್ಲಿ ಉಜ್ಜುತ್ತಾ, ಮಗನ ಹುಬ್ಬು ನೋಡುತ್ತಾ ಹೇಳಿದರು: "ಇದಕ್ಕೆ ಹೊರಗೆ ಬರೋಕೆ ದಾರಿ ಇತ್ತು. ನನ್ನ ಎದೇಲಿರೋದಕ್ಕೆ ಇಲ್ಲ ಕಣೋ."

ಬೀಡಿಯಲ್ಲ, ಟೈಲು ಕೊಯ್ದ ಪುಡಿ. ಮೂರು ವರ್ಷದ ಹಿಂದೆ ಆಸ್ಪತ್ರೆಯಲ್ಲಿ ಅವರ ಎದೆಯ ಎಕ್ಸ್‌ರೇಯನ್ನೂ ಹಾಗೇ ಬೆಳಕಿಗೆ ಹಿಡಿದು ತೋರಿಸಿದ್ದರಂತೆ.

"ನಮಗ್ಯಾಕೆ ಹೇಳ್ಲಿಲ್ಲ?" ಎಂದೆ.

"ನೀರಿಲ್ದೆ ಕೊಯ್ಯಿ, ನೀರು ಹಾಕಿದ್ರೆ ಪೆನ್ಸಿಲ್ ಗುರುತು ಅಳಿಸಿ ಹೋಗುತ್ತೆ ಅಂತ ಇವನಿಗೆ ಕಲಿಸಿದ್ದು ನಾನು. ಕಲ್ಲು ತಿಂದು ಅರಗಿಸಿಕೊಳ್ಳೋ ವಯಸ್ಸು, ಧೂಳು ಏನು ಮಾಡುತ್ತೆ ಅಂದೋನೂ ನಾನೇ. ಯಾವ ಮುಖ ಇಟ್ಕೊಂಡು ಹೇಳ್ಲಮ್ಮಾ?"

"ಮೂರು ವರ್ಷ," ಎಂದಷ್ಟೇ ಹೇಳಿ ನನ್ನ ಗಂಡ ಹಿತ್ತಿಲಿಗೆ ಹೋದರು. ನನಗೆ ಮೈಯೆಲ್ಲ ಉರಿಯಿತು. ಆ ಮೂರು ವರ್ಷವೂ ಬೆಳಗಾದರೆ ಬುತ್ತಿ ಕಟ್ಟಿ ಗಂಡನನ್ನು ಆ ಧೂಳಿಗೆ ಕಳಿಸಿದವಳು ನಾನು. ಮಾವನಿಗೆ ಊಟ ಬಡಿಸಿದೆ, ಮಾತಾಡಲಿಲ್ಲ.

ಎರಡು ದಿನ ಅಪ್ಪ ಮಗನಿಗೂ ಮಾತಿಲ್ಲ. ಮೂರನೆಯ ದಿನ ಇವರು ಟೈಲು ಕೊಯ್ಯುವ ಯಂತ್ರವನ್ನೂ ಒಂದು ಟೈಲನ್ನೂ ಅಂಗಳಕ್ಕೆ ತಂದು, "ನೀರು ಹಾಕಿದ್ರೂ ಅಳಿಸದ ಹಾಗೆ ಗುರುತು ಮಾಡೋದು ಹೇಗೆ, ಕೇಳು ಅವರನ್ನ," ಎಂದು ನನಗೆ ಹೇಳಿದರು. ಮಾವ ಮೂರಡಿ ದೂರದಲ್ಲೇ ನಿಂತಿದ್ದರು.

"ಗೊತ್ತಿಲ್ಲ," ಎಂದರು. "ಒಂದು ದಿನಾನೂ ಮಾಡಿ ನೋಡ್ಲಿಲ್ಲ."

ಮೇಸ್ತ್ರಿಯಾದ ಮಾವನ ಬಾಯಲ್ಲಿ ಗೊತ್ತಿಲ್ಲ ಎನ್ನುವ ಮಾತು ನಾನು ಕೇಳಿದ್ದು ಅದೇ ಮೊದಲು. ನನ್ನ ಸಿಟ್ಟು ಅಲ್ಲೇ ಅರ್ಧ ಇಳಿಯಿತು.

ಇವರು ಪೆನ್ಸಿಲ್ ಗೆರೆ ಎಳೆದರು, ನೀರಿಗೆ ಹೋಯಿತು. ಸೀಮೆಸುಣ್ಣವೂ ಹೋಯಿತು. ಮಾವ ಒಳಗಿಂದ ಮೇಣದಬತ್ತಿ ತಂದು, ಹೊಸದಾಗಿ ಪೆನ್ಸಿಲ್ ಗೆರೆ ಎಳೆಸಿ ಅದರ ಮೇಲೆ ಉಜ್ಜಿದರು. ಅದು ಉಳಿಯಿತು. ಯಂತ್ರ ಶುರುವಾಯಿತು, ಬೂದುಬಣ್ಣದ ಕೆಸರು ಹರಿಯಿತು, ಪುಡಿ ಏಳಲಿಲ್ಲ. ಕೊಯ್ತ ನೇರ ಬರುತ್ತಿದೆಯೇ ಎಂದು ಮಾವ ಬಗ್ಗಿ ಹತ್ತಿರ ಬಂದರು.

ನನ್ನ ಗಂಡನ ಎದೆಯ ಎಕ್ಸ್‌ರೇ ಇನ್ನೂ ಆಗಿಲ್ಲ, ಗುರುವಾರ ಹೋಗುತ್ತೇವೆ. ಅವತ್ತು ಮಾವ ಹತ್ತಿರ ಬಂದದ್ದೇ ಇವರು ಯಂತ್ರ ನಿಲ್ಲಿಸಿ, ಕೈ ಒರೆಸಿಕೊಂಡು, ಅಂಗಳದ ಆ ತುದಿಗೆ ಒಂದು ಕುರ್ಚಿ ಒಯ್ದು ಹಾಕಿದರು.

"ಅಪ್ಪಾ, ನೀನು ಅಲ್ಲಿ ಕೂತ್ಕೋ," ಎಂದರು. "ನೇರ ಬಂತಾ ಇಲ್ವಾ, ನಾನೇ ಅಲ್ಲಿಗೆ ತಂದು ತೋರಿಸ್ತೀನಿ."